ಟ್ರ್ಯಾಪಿನಲ್ಲಿ ಹೆಚ್ಚಾದ ನೀರು ಎಲ್ಲಿಂದ ಬಂತು?

ಅಂತೂ ಅಚ್ಚಿಗೆ ಸುರಿಯುವಂಥ ಗ್ಲಿಸರಾಲ್-ಸೆಬಾಸಿಕ್ ಪ್ರಿಪಾಲಿಮರ್ (ಗ್ಲಿಸರಾಲನ್ನೂ ಸೆಬಾಸಿಕ್ ಆಮ್ಲವನ್ನೂ ಬೆಸೆದ, ಇನ್ನೂ ಗಟ್ಟಿಯಾಗದ ಅರೆ ಪಾಲಿಮರ್) ಕೈಗೆ ಬಂತು. ಹಿಂದಿನ ಬ್ಯಾಚುಗಳೆಲ್ಲ ಫ್ಲಾಸ್ಕಿನೊಳಗೇ ರಬ್ಬರಾಗಿ, ಕಲಕುವ ಕಡ್ಡಿಯನ್ನೂ ಕಚ್ಚಿಕೊಂಡು ಕೂತಿದ್ದವು. ಒಮ್ಮೆ ಜೆಲ್ ಆದರೆ, ಅಂದರೆ ಸರಪಳಿಗಳು ಹೆಣೆದು ಒಂದೇ ಬಲೆಯಾದರೆ, ಮುಗಿಯಿತು, ದ್ರಾವಕದಲ್ಲಿ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ.

ನೈಟ್ರೋಜನ್, 120 ಡಿಗ್ರಿ, ಆಮೇಲೆ ವ್ಯಾಕ್ಯೂಮ್: ಅದೆಲ್ಲ ಮಾಮೂಲು, ಬಿಡಿ. ತಲೆ ತಿಂದದ್ದು ಅನುಪಾತ. ಗ್ಲಿಸರಾಲಿಗೆ ಮೂರು ಕೈ (ಹೈಡ್ರಾಕ್ಸಿಲ್ ಗುಂಪು), ಸೆಬಾಸಿಕ್ ಆಮ್ಲಕ್ಕೆ ಎರಡು (ಆಮ್ಲದ ಗುಂಪು). ಒಂದೊಂದು ಜೋಡಿ ಕೈ ಹಿಡಿದಾಗ ಒಂದು ಎಸ್ಟರ್ ಕೊಂಡಿ, ಒಂದು ನೀರಿನ ಅಣು ಹೊರಗೆ. ಗ್ಲಿಸರಾಲ್-ಆಮ್ಲದ ಮೋಲ್ (ಅಣುಗಳ ಎಣಿಕೆ) 1:1 ಇದ್ದರೆ, ಜೆಲ್ ಯಾವಾಗ ಎಂದು ಹೇಳುವ ಫ್ಲೋರಿ-ಸ್ಟಾಕ್‌ಮೇಯರ್ ಲೆಕ್ಕದಲ್ಲಿ ಆಮ್ಲದ 87% ಮುಗಿದಾಗ ಜೆಲ್. 2:3 ಆದರೆ 71%ಕ್ಕೇ. ಗ್ಲಿಸರಾಲ್ 4:3 ದಾಟಿತೋ, ಜೆಲ್ಲೇ ಇಲ್ಲ, ಬರೀ ಅಂಟು. ಇನ್ನು ಗ್ಲಿಸರಾಲಿನ ನಡುವಿನ ಹೈಡ್ರಾಕ್ಸಿಲ್ ಸೋಮಾರಿ, ಕೆಲವು ಸರಪಳಿಗಳು ತಮಗೆ ತಾವೇ ಗಂಟು ಹಾಕಿಕೊಳ್ಳುತ್ತವೆ. ಹಾಗಾಗಿ ನಿಜವಾದ ಜೆಲ್ ಲೆಕ್ಕಕ್ಕಿಂತ ತಡವಾಗಬೇಕು. ನನ್ನದಕ್ಕೆ ಎಲ್ಲಿಲ್ಲದ ಅವಸರ!

ಗುಟ್ಟು ಬಿಟ್ಟುಕೊಟ್ಟದ್ದು ನೀರು. 46 ಗ್ರಾಂ ಗ್ಲಿಸರಾಲ್, 101 ಗ್ರಾಂ ಆಮ್ಲ. ಪೂರ್ತಿ ಎಸ್ಟರ್ ಆದರೂ ಬರಬೇಕಾದ ನೀರು 18 ಗ್ರಾಂ. ಹೊರಬಂದ ನೀರನ್ನು ಹಿಡಿಯುವ ಟ್ರ್ಯಾಪಿನಲ್ಲಿ 20ರ ಮೇಲಿತ್ತು. ಜೆಲ್ ಆಗುವ ಸ್ವಲ್ಪ ಮೊದಲು ತೆಗೆದ ಮಾದರಿಯನ್ನು ಟೈಟ್ರೇಟ್ ಮಾಡಿದರೆ (ಕ್ಷಾರ ಹಾಕಿ ಆಮ್ಲ ಅಳೆದರೆ) ಐದರಲ್ಲೊಂದು ಪಾಲು ಆಮ್ಲ ಇನ್ನೂ ಹಾಗೇ ಇದೆ. ಹಾಗಾದರೆ ಉಳಿದ ನೀರು ಯಾರಪ್ಪನ ಮನೆಯದು?

ಅನುಮಾನ ಬಂದು ಗ್ಲಿಸರಾಲನ್ನೇ 100 ಮಿಲೀ ಅಳತೆ ಫ್ಲಾಸ್ಕಿಗೆ ಹಾಕಿ ತೂಗಿದೆ. 126 ಗ್ರಾಂ ಇರಬೇಕಾದದ್ದು 122 ಚಿಲ್ಲರೆ. ಅಂದರೆ ಸುಮಾರು 86% ಗ್ಲಿಸರಾಲ್, ಮಿಕ್ಕದ್ದು ನೀರು. ಲೇಬಲ್ಲಿನಲ್ಲಿ ‘ಶುದ್ಧ’ ಅಂತಷ್ಟೇ ಇದೆ, ಶೇಕಡಾವಾರು ಇಲ್ಲ. ಮಾರಿದವರನ್ನು ಕೇಳಿದರೆ ‘ಫಾರ್ಮಾ ಗ್ರೇಡ್’ ಎಂಬ ಉತ್ತರ. 85% ದ್ರಾವಣವೂ ಫಾರ್ಮಾ ಗ್ರೇಡೇ, ಸುಳ್ಳೇನಲ್ಲ ಪುಣ್ಯಾತ್ಮರು ಹೇಳಿದ್ದು. ಹೀಗೆ ನನ್ನ 1:1 ಅಸಲಿಗೆ 0.86:1 ಆಗಿತ್ತು, ಜೆಲ್ 80%ಕ್ಕೆ ಇಳಿದಿತ್ತು.

ಈಗ ಅದೇ ಬಾಟಲಿಯಿಂದ 53.5 ಗ್ರಾಂ ಹಾಕುತ್ತೇನೆ. ವ್ಯಾಕ್ಯೂಮನ್ನೂ ಅರ್ಧಕ್ಕಿಂತ ಹೆಚ್ಚು ಆಮ್ಲ ಮುಗಿದ ಮೇಲೇ ಎಳೆಯುವುದು. ಮೊದಲೇ ಎಳೆದರೆ ಬಿಡಿಯಾಗಿರುವ ಗ್ಲಿಸರಾಲೂ ನೀರಿನ ಜೊತೆ ಹೊರಟುಬಿಡುತ್ತದೆ. 75%ಕ್ಕೆ ನಿಲ್ಲಿಸಿ ಸುರಿದೆ. ಜೇನಿನಂತೆ ಇಳಿಯಿತು.

ಮುಂದಿನದು ಸೆಬಾಸಿಕ್‌ನ ಒಂದು ಪಾಲು ತೆಗೆದು ಸಿಟ್ರಿಕ್ ಆಮ್ಲ ಸೇರಿಸುವುದು. ಅದಕ್ಕೂ ಮೂರು ಕೈ. ಗ್ಲಿಸರಾಲ್ ಜೊತೆ ಅದೊಂದೇ ಸಮ ಮೋಲ್ ಇದ್ದರೆ 50%ಕ್ಕೇ ಜೆಲ್, ಅದಕ್ಕೇ ಸ್ವಲ್ಪ ಸ್ವಲ್ಪ ಬೆರೆಸಿ ನೋಡಬೇಕು. ಪೊಟ್ಟಣದ ಮೇಲೆ ಅನ್‌ಹೈಡ್ರಸ್ಸೋ ಮಾನೋಹೈಡ್ರೇಟೋ (ನೀರಿಲ್ಲದ್ದೋ, ಅಣುವಿಗೊಂದು ನೀರು ಅಂಟಿದ್ದೋ) ಬರೆದಿಲ್ಲ. ಒಂದು ಚಮಚ ಓವನ್ನಿಗಿಟ್ಟಿದ್ದೇನೆ, ತೂಕ 8.6% ಇಳಿದರೆ ಮಾನೋಹೈಡ್ರೇಟ್.