ನೆಲಕ್ಕೆ ಕೂರದ ಟ್ಯಾಂಕು: ಡಯೋರಾಮಾ ಕೆಲಸದಲ್ಲಿ ಕಲಿತದ್ದು

ವಸ್ತುಸಂಗ್ರಹಾಲಯಗಳಿಗೂ ಪ್ರದರ್ಶನಗಳಿಗೂ ಸಣ್ಣ ಪ್ರಮಾಣದ ಮಾದರಿಗಳನ್ನು ಮಾಡಿಕೊಡುವ ಕಾರ್ಯಾಗಾರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಮೊದಲ ಕೆಲವು ವರ್ಷ ನನ್ನ ಪಾಲಿಗೆ ಬರುತ್ತಿದ್ದವು ಬಿಡಿ ಮಾದರಿಗಳು ಮಾತ್ರ. ವಾಹನವನ್ನು ಕಟ್ಟಿ, ಬಣ್ಣ ಹಚ್ಚಿ, ಗಾಜಿನ ಪೆಟ್ಟಿಗೆಯೊಳಗೆ ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸಿದರೆ ಕೆಲಸ ಮುಗಿಯುತ್ತಿತ್ತು. ಆಮೇಲೆ ಒಂದು ಪೂರ್ತಿ ಡಯೋರಾಮಾದ, ಅಂದರೆ ನೆಲ, ಜನ, ವಾಹನ ಎಲ್ಲ ಸೇರಿದ ಪುಟ್ಟ ದೃಶ್ಯವೊಂದರ ಹೊಣೆ ನನ್ನೊಬ್ಬನ ಮೇಲೆ ಬಿತ್ತು. 1944ರ ವಸಂತದಲ್ಲಿ ಹಿಮ ಕರಗಿ ರೊಚ್ಚೆಯಾದ ಉಕ್ರೇನಿನ ರಸ್ತೆಯೊಂದರಲ್ಲಿ ಮುಂದೆ ಸಾಗುತ್ತಿರುವ ಸೋವಿಯತ್ ಸೇನೆಯ ಟಿ-34-85 ಟ್ಯಾಂಕು, ಅದರ ಬೆನ್ನ ಮೇಲೆ ಕುಳಿತ ನಾಲ್ವರು ಕಾಲಾಳುಗಳು, ಪಕ್ಕದಲ್ಲಿ ಅಚ್ಚಿನವರೆಗೂ ಹೂತುಹೋದ ಒಂದು ಕುದುರೆಗಾಡಿ, ಇಷ್ಟೇ ದೃಶ್ಯ. ಕೊಡಬೇಕಾದ ದಿನಕ್ಕೆ ಇನ್ನೂ ಎರಡು ತಿಂಗಳಿತ್ತು.

ಪ್ರಮಾಣ 1/35. ಈ ಲೆಕ್ಕವೇ ವಿಚಿತ್ರವಾದದ್ದು ಎಂದು ಹೊಸಬರಿಗೆ ಅನ್ನಿಸುವುದು ಸಹಜ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಕಿಟ್ (ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಮಾದರಿ) ತಯಾರಿಸಿದಾಗ, ಒಳಗೆ ಬ್ಯಾಟರಿಗಳು ಹಿಡಿಸುವಷ್ಟು ಒಡಲನ್ನು ದೊಡ್ಡದು ಮಾಡಿತು. ಆಮೇಲೆ ಅಳೆದು ನೋಡಿದರೆ ಅದು ಹೆಚ್ಚುಕಡಿಮೆ 1/35 ಆಗಿತ್ತು. ಅದೇ ಮುಂದೆ ಟ್ಯಾಂಕು ಮಾದರಿಗಳ ರೂಢಿಯ ಅಳತೆಯಾಗಿ ನಿಂತುಬಿಟ್ಟಿತು. ಕೆಲಸ ಮಾಡುವವನಿಗೆ ಮುಖ್ಯವಾಗುವುದು ಈ ಲೆಕ್ಕದಿಂದ ಹೊರಡುವ ಚಿಕ್ಕ ಅಂಕಿಗಳು: 175 ಸೆಂಟಿಮೀಟರ್ ಎತ್ತರದ ಮನುಷ್ಯ ಇಲ್ಲಿ 5 ಸೆಂಟಿಮೀಟರ್ ಆಗುತ್ತಾನೆ, ಟಿ-34ರ ಚಕ್ರಗಳನ್ನು ಸುತ್ತುವ ಅರ್ಧ ಮೀಟರ್ ಅಗಲದ ಚೈನು 14 ಮಿಲಿಮೀಟರಿಗೆ ಇಳಿಯುತ್ತದೆ, ನೆಲದ ಮೇಲೆ ಉದುರಿದ 1 ಮಿಲಿಮೀಟರಿನ ಒಂದು ಮರಳಿನ ಹರಳು ಮೂರೂವರೆ ಸೆಂಟಿಮೀಟರಿನ ಕಲ್ಲಾಗಿ ಕಾಣುತ್ತದೆ.

ನಾನು ನನಗೆ ಅಭ್ಯಾಸವಾಗಿದ್ದ ಕ್ರಮದಲ್ಲೇ ಹೊರಟೆ, ಅಂದರೆ ಮೊದಲು ಟ್ಯಾಂಕು, ಆಮೇಲೆ ನೆಲ. ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಚ್ಚಿನ ಗೆರೆಗಳನ್ನು ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಒಂದು ಪಕ್ಕಕ್ಕೆ ಐದರಂತೆ ಹತ್ತು ಚಕ್ರಗಳನ್ನು ಒಡಲಿಗೆ ಸೇರಿಸುವ ತೋಳುಗಳನ್ನೂ ಉಕ್ಕಿನ ಅಳತೆಪಟ್ಟಿಗೆ ತಾಗಿಸಿ ಒಂದೇ ಸಾಲಿನಲ್ಲಿ ಅಂಟಿಸಿದೆ. ಒಡಲಿನ ಮೇಲ್ಭಾಗ ಮತ್ತು ಕೆಳಭಾಗಗಳನ್ನು ಸೇರಿಸಿ ಮುಚ್ಚಿದೆ. ಪ್ರೈಮರ್, ಅದರ ಮೇಲೆ ಏರ್‌ಬ್ರಷ್‌ನಿಂದ ಹಸಿರು, ಫಲಕಗಳ ನಡುವಿಗೆ ಸ್ವಲ್ಪ ತಿಳಿ ಹಸಿರು, ಆಮೇಲೆ ಹೊಳಪಿನ ವಾರ್ನಿಷ್. ಮೇಜಿನ ಮೇಲೆ ನಿಲ್ಲಿಸಿ ನೋಡಿದಾಗ ಹತ್ತು ಚಕ್ರಗಳೂ ನೆಲ ಮುಟ್ಟಿದ್ದವು, ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆ ದಿನ ನಾನು ಸಾಕಷ್ಟು ಹೆಮ್ಮೆಪಟ್ಟುಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ನೆಲವನ್ನು ಬೇರೆಯಾಗಿ ಮಾಡಿದೆ. ಒತ್ತಾದ ಫೋಮ್ ಹಲಗೆಯನ್ನು ಕೆತ್ತಿ ರಸ್ತೆಯ ಉಬ್ಬುತಗ್ಗು, ಗಾಡಿ ಜಾಡು, ಅಂಚಿನ ಚರಂಡಿ ಎಲ್ಲವನ್ನೂ ತಂದು, ಮೇಲೆ ಪ್ಲಾಸ್ಟರ್ ಬಳಿದೆ. ಒಣಗಿದ ಮೇಲೆ ಟ್ಯಾಂಕನ್ನು ತಂದು ಇಟ್ಟರೆ, ಎಡಪಕ್ಕದ ಮೊದಲನೆಯ ಮತ್ತು ಕೊನೆಯ ಚಕ್ರ, ಬಲಪಕ್ಕದ ನಡುವಿನ ಒಂದು ಚಕ್ರ, ಈ ಮೂರರ ಕೆಳಗೆ ಮಾತ್ರ ನೆಲವಿತ್ತು. ಉಳಿದ ಏಳು ಗಾಳಿಯಲ್ಲಿ ತೂಗುತ್ತಿದ್ದವು. ಯಾರೋ ಆಟಿಕೆಯನ್ನು ಕಲ್ಲುಗಳ ಮೇಲೆ ಇಟ್ಟು ಮರೆತು ಹೋದಂತೆ ಕಾಣುತ್ತಿತ್ತು.

ಆಗ ನೆಲವನ್ನು ಕೆಡವಿ ಮತ್ತೆ ಮಾಡಿದ್ದರೆ ಒಂದು ವಾರ ಹೋಗುತ್ತಿತ್ತು, ಅಷ್ಟೆ. ನಾನು ಹಾಗೆ ಮಾಡಲಿಲ್ಲ. ಅಂಟಿದ್ದ ತೋಳುಗಳನ್ನೇ ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸ್ವಲ್ಪ ಸ್ವಲ್ಪ ಬಗ್ಗಿಸಿ, ಚಕ್ರಗಳು ನೆಲಕ್ಕೆ ತಾಗುವಂತೆ ಒತ್ತಿ, ಅವು ಹಿಂದಕ್ಕೆ ಸರಿಯದಂತೆ ಚಕ್ರಗಳಿಗೆ ಚೈನು ಬಿಗಿದುಬಿಟ್ಟೆ. ಮೇಲ್ನೋಟಕ್ಕೆ ಸರಿಯಾಯಿತು. ಅದೇ ಸಂಜೆ ಕಂದು ಬಣ್ಣದ ಎನಾಮೆಲ್ ವಾಶ್ (ಸಂದುಗಳಲ್ಲಿ ನಿಲ್ಲುವಂತೆ ಥಿನ್ನರ್ ಹಾಕಿ ನೀರಾಗಿಸಿದ ಬಣ್ಣ) ಕಲಸಿ, ಒಡಲಿನ ಕೆಳಭಾಗದ ಮೂಲೆಮೂಲೆಗೂ ಧಾರಾಳವಾಗಿ ಹರಿಸಿ ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಆರು ತೋಳುಗಳು ಬುಡದಲ್ಲೇ ಮುರಿದಿದ್ದವು. ಚೈನು ಸಡಿಲಗೊಂಡು ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಕಿಟ್‌ಗಳಲ್ಲಿ ಬಳಸುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು ಸುಮ್ಮನೆ ಇದ್ದಾಗ ಎನಾಮೆಲ್ ಥಿನ್ನರಿಗೆ ಹೆಚ್ಚೇನೂ ಅಂಜುವುದಿಲ್ಲ. ಆದರೆ ಬಗ್ಗಿಸಿ, ಎಳೆದು, ಒತ್ತಡದಲ್ಲಿ ಹಿಡಿದಿಟ್ಟ ಪ್ಲಾಸ್ಟಿಕ್ಕಿನೊಳಗೆ ಥಿನ್ನರ್ ಇಳಿದರೆ ಕಣ್ಣಿಗೆ ಕಾಣದ ಬಿರುಕುಗಳು ಬೆಳೆದು ಅದು ಒಣಕಡ್ಡಿಯ ಹಾಗೆ ಲಟಕ್ಕನೆ ಮುರಿಯುತ್ತದೆ. ಹೊಳಪಿನ ವಾರ್ನಿಷ್ ಕಾಪಾಡಬಹುದಿತ್ತು, ಆದರೆ ತೋಳುಗಳ ಹಿಂಬದಿಗೆ ಅದು ತಲುಪಿರಲಿಲ್ಲ, ಬಗ್ಗಿಸಿದ ಕಡೆಯಲ್ಲಿ ಒಡೆದೂ ಇತ್ತು. ವಾಶ್ ಎಂಬುದನ್ನು ಕುಂಚದ ತುದಿಯಿಂದ ಬೇಕಾದಷ್ಟೇ ಮುಟ್ಟಿಸಬೇಕು, ಮಡುಗಟ್ಟಲು ಬಿಡಬಾರದು ಎಂದು ನಾನೇ ಹೊಸಬರಿಗೆ ಹೇಳಿಕೊಟ್ಟಿದ್ದೆ.

ನಮ್ಮ ಕಾರ್ಯಾಗಾರದ ಹಿರಿಯರೊಬ್ಬರಿಗೆ ವಿಷಯ ತಿಳಿಸಿದೆ. ಅವರು ಮುರಿದ ತೋಳುಗಳನ್ನು ನೋಡಲೇ ಇಲ್ಲ, ನೆಲವನ್ನು ನೋಡಿದರು.

"ಈ ಟ್ಯಾಂಕು ಎಷ್ಟು ಟನ್ ಇದೆ?" ಎಂದು ಕೇಳಿದರು.

"ಮೂವತ್ತೆರಡು, ಸರ್."

"ಅದು ನಿಮಗೆ ಗೊತ್ತು. ನೀವು ಮಾಡಿದ ನೆಲಕ್ಕೆ ಗೊತ್ತಿದ್ದ ಹಾಗೆ ಕಾಣುವುದಿಲ್ಲವಲ್ಲ."

ನಾನು ಅಲ್ಲಿಯವರೆಗೆ ಯೋಚಿಸಿದ್ದೆಲ್ಲ ಚಕ್ರಗಳು ನೆಲವನ್ನು ಮುಟ್ಟುವ ಬಗ್ಗೆ. ಟ್ಯಾಂಕಿನ ಭಾರದಿಂದ ನೆಲ ಏನಾಗಬೇಕು ಎಂಬ ಯೋಚನೆ ಬಂದಿರಲಿಲ್ಲ. 32 ಟನ್ ತೂಕದ ಯಂತ್ರ ಹಸಿಮಣ್ಣಿನ ಮೇಲೆ ನಿಂತಾಗ ಮಣ್ಣು ಕೆಳಗೆ ಕುಸಿಯುತ್ತದೆ, ಚೈನಿನ ಎರಡೂ ಅಂಚಿನಲ್ಲಿ ಉಬ್ಬಿ ಏಳುತ್ತದೆ, ಹಾದುಬಂದ ದಾರಿಯಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಪ್ರತಿಯೊಂದು ಚಕ್ರವೂ ತನ್ನದೇ ಸ್ಪ್ರಿಂಗಿನ ಮೇಲೆ, ಪಕ್ಕದ ಚಕ್ರದ ಹಂಗಿಲ್ಲದೆ, ತನ್ನ ಕೆಳಗಿನ ನೆಲಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ಸಪಾಟಾದ ಮೇಜಿನ ಮೇಲೆ ಸಾಲಾಗಿ ನಿಂತ ಹತ್ತು ಚಕ್ರಗಳು ಕೈಚಳಕಕ್ಕೆ ಸಾಕ್ಷಿಯಾಗಬಹುದು, ಕೆಸರು ರಸ್ತೆಯಲ್ಲಿ ಮಾತ್ರ ಅವು ಸುಳ್ಳು.

ಎರಡನೆಯ ಸಲ ಎರಡನ್ನೂ ಜೊತೆಜೊತೆಯಾಗಿಯೇ ಬೆಳೆಸಿದೆ. ಹಳೆಯ ತೋಳುಗಳನ್ನೆಲ್ಲ ತೆಗೆದು, ಬುಡದಲ್ಲಿ 1 ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ತೂರಿಸಿ, ಅಂಟು ಹಾಕದೆ ಅವು ತಿರುಗಾಡುವಂತೆ ಬಿಟ್ಟೆ. ಮುಚ್ಚಿದ್ದ ಒಡಲನ್ನು ಸಂಧಿಯಲ್ಲಿ ಮತ್ತೆ ಬಿಡಿಸಬೇಕಾಯಿತು, ಏಕೆಂದರೆ ಒಳಗೆ ಎರಡು ನಟ್ಟುಗಳನ್ನು ಅಂಟಿಸುವುದಿತ್ತು: ಹಲಗೆಯ ಅಡಿಯಿಂದ ಬೋಲ್ಟ್ ಹಾಕಿ ಬಿಗಿದರೆ ಮಾದರಿ ನೆಲದೊಳಕ್ಕೆ ಎಳೆದುಕೊಳ್ಳುತ್ತದೆ, ಸಾಗಿಸುವಾಗಲೂ ಅಲುಗುವುದಿಲ್ಲ. ಈ ನಟ್ಟುಗಳ ಕೆಲಸ ಒಡಲನ್ನು ಮುಚ್ಚುವ ಮೊದಲಾದರೆ ಹತ್ತು ನಿಮಿಷದ್ದು, ಮುಚ್ಚಿ ಬಣ್ಣ ಹಚ್ಚಿದ ಮೇಲಾದರೆ ಎರಡು ದಿನದ್ದು. ಫೋಮಿನಲ್ಲಿ ಚೈನಿನ ಅಗಲಕ್ಕೆ ಎರಡು ಕಾಲುವೆ ತೋಡಿ 6 ಮಿಲಿಮೀಟರ್ ಆಳ ಕೊಟ್ಟೆ. ನಿಜದ ಲೆಕ್ಕದಲ್ಲಿ ಅದು 20 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಆಮೇಲೆ ಒಡಲಿನೊಳಗೆ ಸೀಸದ ಗುಂಡುಗಳನ್ನು ತುಂಬಿ ಟ್ಯಾಂಕನ್ನು ಅದರಲ್ಲಿ ನಿಲ್ಲಿಸಿ, ಹತ್ತು ಚಕ್ರಗಳೂ ತಮ್ಮ ಜಾಗವನ್ನು ತಾವೇ ಕಂಡುಕೊಂಡ ಮೇಲೆ ತೋಳುಗಳ ಬುಡಕ್ಕೆ ಅಂಟು ಮುಟ್ಟಿಸಿದೆ. ಬಲಗಡೆಯ ಎರಡನೆಯ ಚಕ್ರ ಉಳಿದವುಗಳಿಗಿಂತ 2 ಮಿಲಿಮೀಟರ್ ಮೇಲಿದೆ. ನೋಡುವವರಲ್ಲಿ ಯಾರಿಗೂ ಅದು ಬೇರೆಯಾಗಿ ಕಾಣುವುದಿಲ್ಲ, ಆದರೆ ಟ್ಯಾಂಕು ಭಾರವಾಗಿ ಕಾಣುವುದು ಅದರಿಂದಲೇ ಎಂದು ನನ್ನ ನಂಬಿಕೆ.

ಚೈನಿನ ವಿಷಯವೂ ಹೀಗೆಯೇ. ಟಿ-34ರಲ್ಲಿ ಮೇಲಿನ ಚೈನನ್ನು ಹೊರುವ ಪ್ರತ್ಯೇಕ ಉರುಳೆಗಳಿಲ್ಲ, ಅದು ದೊಡ್ಡ ಚಕ್ರಗಳ ನೆತ್ತಿಯ ಮೇಲೇ ಮಲಗುತ್ತದೆ. ಚೈನನ್ನು ಎಳೆಯುವ ಚಕ್ರ ಹಿಂದಿರುವುದರಿಂದ ಮುಂದೆ ಸಾಗುವಾಗ ನೆಲದ ಮೇಲಿನ ಸಾಲು ಬಿಗಿಯಾಗಿ, ಮೇಲಿನ ಸಾಲು ಸಡಿಲವಾಗಿರುತ್ತದೆ. ಎಳೆಯುವ ಚಕ್ರ ಮುಂದಿರುವ ಜರ್ಮನ್ ಟೈಗರ್, ಅಮೆರಿಕನ್ ಶೆರ್ಮನ್‌ಗಳಲ್ಲಿ ಓಡುವಾಗ ಮೇಲಿನ ಸಾಲಿಗೇ ಬಿಗುವು ಬರುತ್ತದೆ. ಮೊದಲ ಸಲ ಬಿಗಿದು ಕಟ್ಟಿದ್ದ ನಾನು, ಈ ಸಲ ಕೊಂಡಿಗಳನ್ನು ಅಂಟು ಅರೆ ಒಣಗಿದ ಹದದಲ್ಲಿ ಚಕ್ರಗಳ ಮೇಲೆ ಹಾಸಿ, ಎರಡು ಚಕ್ರಗಳ ನಡುವೆ ಹತ್ತಿಯ ಉಂಡೆಯಿಂದ ಮೆಲ್ಲಗೆ ಅದುಮಿ ತಗ್ಗು ತಂದೆ. ಓಡಾಡುವ ಟ್ಯಾಂಕಿನ ಚೈನಿಗೆ ಕಿತ್ತಳೆ ಬಣ್ಣದ ತುಕ್ಕು ಬಳಿಯುವ ಚಾಳಿ ಅನೇಕರಲ್ಲಿದೆ, ನನಗದು ಹಿಡಿಸುವುದಿಲ್ಲ. ಮಣ್ಣಿನ ಉಜ್ಜಾಟಕ್ಕೆ ಅಂಥ ತುಕ್ಕು ನಿಲ್ಲುವುದಿಲ್ಲ. ಗಾಢ ಕಂದು, ಉಬ್ಬಿದ ಅಂಚುಗಳಲ್ಲಿ ಪೆನ್ಸಿಲ್ ಸೀಸದ ಹೊಳಪು, ಅಷ್ಟು ಸಾಕು.

ಇನ್ನು ಕೆಸರು. ಮೊದಲ ಸಲ ನೆಲಕ್ಕೊಂದು ಕೆಸರು, ಟ್ಯಾಂಕಿಗೆ ಇನ್ನೊಂದು ಕೆಸರು ಮಾಡಿದ್ದೆ. ಎರಡರ ಬಣ್ಣವೂ ಹತ್ತಿರವಿದ್ದರೂ ಬೇರೆ ಬೇರೆ ಊರಿನ ಮಣ್ಣಿನಂತಿತ್ತು. ಈ ಸಲ ಒಂದೇ ಬಟ್ಟಲು. ತೆಳುಬಟ್ಟೆಯಲ್ಲಿ ಜಾಲಿಸಿದ ನುಣ್ಣನೆಯ ಮಣ್ಣು, ಪ್ಲಾಸ್ಟರ್, ಮರಕ್ಕೆ ಹಾಕುವ ಬಿಳಿ ಅಂಟು, ಕಂದು ಅಕ್ರಿಲಿಕ್ ಬಣ್ಣ. ಬಣ್ಣವನ್ನು ಮೇಲೆ ಹಚ್ಚದೆ ಒಳಗೇ ಕಲಸುವುದರಿಂದ ಎಲ್ಲಾದರೂ ಚಕ್ಕೆ ಎದ್ದರೆ ಬಿಳಿ ಕಾಣುವುದಿಲ್ಲ. ಈ ಮಿಶ್ರಣ ಒಣಗುವಾಗ ಕುಗ್ಗುತ್ತದೆ, ಹಲಗೆಗೆ ವಾರ್ನಿಷ್ ಇಲ್ಲದಿದ್ದರೆ ಅದರ ನೀರು ಕುಡಿದು ಹಲಗೆಯೂ ಡೊಂಕಾಗುತ್ತದೆ. ಆದ್ದರಿಂದ ತೆಳುವಾಗಿ ಎರಡು ಪದರ ಹಾಕಿದೆ. ಎರಡನೆಯ ಪದರ ಹಸಿಯಿದ್ದಾಗಲೇ ಟ್ಯಾಂಕನ್ನು ಅದುಮಿ ಕೂರಿಸಿ, ಬೋಲ್ಟ್ ಬಿಗಿದು, ಹಿಂದಿನ ಜಾಡನ್ನು ಉಳಿದ ಕೊಂಡಿಗಳಿಂದ ಒಂದೊಂದಾಗಿ ಅಚ್ಚೊತ್ತಿದೆ. ಚೈನಿನ ಅಂಚಿನಲ್ಲಿ ಎದ್ದ ಮಣ್ಣನ್ನು ಮುಟ್ಟಲಿಲ್ಲ. ಕೈಯಿಂದ ಮಾಡಲು ಹೊರಟರೆ ಅಷ್ಟು ಸಹಜವಾಗಿ ಬರುತ್ತಲೇ ಇರಲಿಲ್ಲ.

ಬಟ್ಟಲಿನಲ್ಲಿ ಉಳಿದದ್ದನ್ನೇ ನೀರು ಮಾಡಿ ಒಡಲಿನ ಪಕ್ಕಗಳಿಗೆ ಸಿಡಿಸಿದೆ. ಮೇಲಿನ ಸಿಡಿತ ಹಿಂದಿನ ದಿನದ್ದು, ಒಣಗಿ ತಿಳಿಯಾಗಿರಬೇಕು. ಚಕ್ರಗಳ ಮಟ್ಟದ್ದು ಆರುತ್ತಿರುವುದು. ಚೈನಿಗೆ ಮೆತ್ತಿದ್ದು ಈ ಗಳಿಗೆಯದು, ಅದಕ್ಕೆ ಮಾತ್ರ ಹೊಳಪಿನ ವಾರ್ನಿಷ್. ಒಣ ಪಿಗ್ಮೆಂಟ್ ಪುಡಿಯನ್ನು ದ್ರವ ಹಾಕಿ ಹಿಡಿಸಿದಾಗ ಕಪ್ಪಾಗಿ ಕಂಡು, ಆರಿದ ಮೇಲೆ ಮತ್ತೆ ತಿಳಿಯಾಗುವುದರಿಂದ, ಬೇಡವಾದ ಪ್ಲಾಸ್ಟಿಕ್ ತುಂಡೊಂದರ ಮೇಲೆ ಒಂದು ರಾತ್ರಿ ಒಣಗಿಸಿ ನೋಡದೆ ನಾನೀಗ ಯಾವ ಪಿಗ್ಮೆಂಟನ್ನೂ ಮಾದರಿಗೆ ಮುಟ್ಟಿಸುವುದಿಲ್ಲ. ಹೊಂಡಗಳಿಗೆ ಎಪಾಕ್ಸಿ ರಾಳವನ್ನು ಒಂದೆರಡು ತೆಳು ಪದರಗಳಲ್ಲಿ ಸುರಿದೆ, ಕಂದು ಬಣ್ಣ ಬೆರೆಸಿಯೇ. ಟ್ಯಾಂಕು ಓಡಾಡಿದ ದಾರಿಯಲ್ಲಿ ತಿಳಿನೀರು ಎಲ್ಲಿಂದ ಬರಬೇಕು?

ಕಾಲಾಳುಗಳೂ ಕುದುರೆಗಾಡಿಯೂ ನಮ್ಮ ಇನ್ನೊಬ್ಬ ಸಹೋದ್ಯೋಗಿಯ ಕೈಕೆಲಸ, ಆ ಬಗ್ಗೆ ನಾನು ಹೇಳುವಂಥದ್ದು ಹೆಚ್ಚಿಲ್ಲ. ಕುಳಿತವರ ಬೂಟುಗಳಿಗೂ ಅದೇ ಬಟ್ಟಲಿನ ಮಣ್ಣನ್ನು ಮೆತ್ತಿ ಎಂದು ಕೇಳಿಕೊಂಡದ್ದು ಮಾತ್ರ ನಾನು.

ಕೊಡಬೇಕಾದ ದಿನಕ್ಕೆ ನಾಲ್ಕು ದಿನ ಮೊದಲು ಕೆಲಸ ಮುಗಿಯಿತು. ಪೆಟ್ಟಿಗೆಗೆ ಹಾಕುವ ಮುನ್ನ ಒಂದು ತೆಳು ಕಾಗದದ ಪಟ್ಟಿ ತೆಗೆದುಕೊಂಡು ಚೈನಿನ ಅಡಿಗೆ ಎರಡೂ ಪಕ್ಕಗಳಲ್ಲಿ ಉದ್ದಕ್ಕೂ ತೂರಿಸಿ ನೋಡಿದೆ. ಎಡಗಡೆಯ ಹಿಂದಿನಿಂದ ಮೂರನೆಯ ಕೊಂಡಿಯ ಕೆಳಗೆ ಕಾಗದ ಒಂದೆರಡು ಮಿಲಿಮೀಟರ್ ಒಳಗೆ ಹೋಯಿತು. ಆ ಪಕ್ಕ ಗೋಡೆಯ ಕಡೆಗೆ ಬರುವುದು, ನೋಡುವವರ ಕಣ್ಣಿಗೆ ಬೀಳುವಂಥದ್ದಲ್ಲ. ಬಟ್ಟಲಿನ ತಳದಲ್ಲಿ ಗಟ್ಟಿಯಾಗಿದ್ದ ಕೆಸರನ್ನು ಕೆರೆದು ಪುಡಿ ಮಾಡಿ, ಎರಡು ಹನಿ ಬಿಳಿ ಅಂಟು ಹಾಕಿ ಕಲಸಿ, ಸೂಜಿಯ ತುದಿಯಿಂದ ಆ ಸಂದಿಗೆ ತುಂಬಿದೆ.