42 ಟೈಲ್ಸ್, ಒಂದೊಂದೂ ನಾಲ್ಕು ಚದರಡಿ

ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗರು ಆಗಾಗ ಕೇಳುತ್ತಾರೆ: "ಅಣ್ಣಾ, ನೀವು ಓದಿದವರಲ್ಲ, ಕೈಯಲ್ಲಿ ಕಸುಬೂ ಇರಲಿಲ್ಲವಂತೆ. ಮತ್ತೆ ಹೇಗೆ ಮೇಲೆ ಬಂದಿರಿ?" ಕಷ್ಟಪಟ್ಟೆ, ಚಟ ಮಾಡಲಿಲ್ಲ, ಕಾಸಿಗೆ ಕಾಸು ಕೂಡಿಸಿದೆ ಎಂದು ನಾನು ಹೇಳಬೇಕು, ಅವರು ತಲೆದೂಗಬೇಕು. ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. 14ನೇ ವಯಸ್ಸಿನಿಂದ 36ರವರೆಗೆ ನಾನು ಗಾರೆ ಕೆಲಸದಲ್ಲಿ ಕೈಯಾಳಾಗಿದ್ದೆ. ಆ 22 ವರ್ಷವೂ ಕಷ್ಟಪಟ್ಟೆ, ಆ 22 ವರ್ಷವೂ ಬಡವನಾಗಿದ್ದೆ. ನನ್ನಪ್ಪ ಸಾಯುವ ಹಿಂದಿನ ವಾರದವರೆಗೂ ಮಣ್ಣು ಹೊತ್ತ. ಹೊರೆ ಹೊತ್ತವರೆಲ್ಲ ಮೇಲೆ ಬರುವುದಿದ್ದರೆ ಎಲ್ಲರಿಗಿಂತ ಮೊದಲು ಕತ್ತೆ ಬರಬೇಕಿತ್ತು.

(ಇದನ್ನು ನಾನು ಮೊಬೈಲಿಗೆ ಬಾಯಲ್ಲಿ ಹೇಳಿದ್ದು, ಮಗಳು ತಿದ್ದಿದ್ದಾಳೆ. ಕತ್ತೆಯ ಮಾತನ್ನು ತೆಗೆಯೋಣ ಎಂದಳು. ನಾನು ಬಿಡಲಿಲ್ಲ.)

ಮೊದಲು ಸಾಲದ ಮಾತು. ಹೆಂಡತಿಯ ಹೆರಿಗೆಯ ಹೊತ್ತಿಗೆ ನೂರಕ್ಕೆ ತಿಂಗಳಿಗೆ ಹತ್ತರ ಬಡ್ಡಿಗೆ ಕೈಸಾಲ ತಂದಿದ್ದೆ. ಹತ್ತು ಎಂದರೆ ಏನು ಮಹಾ ಎಂದುಕೊಂಡಿದ್ದೆ. ಹತ್ತು ತಿಂಗಳು ಕಟ್ಟಿದರೆ ತಂದಷ್ಟು ಹಣ ಬಡ್ಡಿಯಾಗಿಯೇ ಹೋಗಿರುತ್ತದೆ, ಅಸಲು ಮಾತ್ರ ಮೊದಲಿದ್ದಲ್ಲೇ ಕೂತಿರುತ್ತದೆ. ನಾನು ಕಟ್ಟಿದ್ದು ಮೂರು ವರ್ಷ. ಆಮೇಲೆ ಮಗಳು ಲೆಕ್ಕ ಹಾಕಿದಾಗ, ತಂದದ್ದರ ಮೂರೂವರೆ ಪಟ್ಟಿಗಿಂತ ಹೆಚ್ಚು ಕೊಟ್ಟಿದ್ದೆ ಎಂದು ಗೊತ್ತಾಯಿತು. ಅಸಲನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತೇನೆ ಎಂದರೆ ಸಾಲ ಕೊಟ್ಟವನು ಒಪ್ಪುತ್ತಿರಲಿಲ್ಲ. ಕೊಟ್ಟರೆ ಇಡಿಯಾಗಿ ಕೊಡು, ಇಲ್ಲವಾದರೆ ಬಡ್ಡಿ ತಾ. ಅವನ ದೃಷ್ಟಿಯಲ್ಲಿ ಅದು ಸರಿಯೇ. ಹಾಲು ಕರೆಯುವ ಹಸುವನ್ನು ಯಾರು ಬಿಟ್ಟುಕೊಡುತ್ತಾರೆ?

ವಾರದ ಆರು ದಿನದ ಕೂಲಿ ಮನೆಗೆ, ಏಳನೇ ದಿನದ್ದು ಬಡ್ಡಿಗೆ. ಇಟ್ಟಿಗೆಯ ಲಾರಿ ಇಳಿಸುವುದು, ಚರಂಡಿ ಎತ್ತುವುದು, ಏನು ಸಿಕ್ಕರೆ ಅದು. ಇಷ್ಟು ವರ್ಷದಲ್ಲಿ ಒಂದು ಕಸುಬನ್ನಾದರೂ ಕಲಿಯಬಾರದಿತ್ತೇ ಎಂದು ಕೇಳುವವರಿಗೆ ಈ ಏಳನೇ ದಿನವನ್ನು ತೋರಿಸಬೇಕು. ಕಲಿಯಲು ಬುದ್ಧಿಗಿಂತ ಮೊದಲು ಬೇಕಾದದ್ದು ಆ ಒಂದು ದಿನ. ಅದನ್ನು ನಾನು ಮಾರಿಬಿಟ್ಟಿದ್ದೆ.

ಅದನ್ನು ಮರಳಿ ಕೊಂಡದ್ದು ಸೈಕಲ್ ಮಾರಿ. ಅದೂ ಸಾಲದೆ, ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರಿಂದ ಬಡ್ಡಿಯಿಲ್ಲದೆ ಒಂದಿಷ್ಟು ತಂದೆ. ಅಸಲನ್ನು ಇಡಿಯಾಗಿ ಎಣಿಸಿಕೊಟ್ಟ ದಿನ ನನಗೆ ಸಂತೋಷವೇನೂ ಆಗಲಿಲ್ಲ, ನಿದ್ದೆ ಬಂತು. ಆ ಗೆಳೆಯನ ಹಣ ತೀರುವವರೆಗೆ ಹೆಂಡತಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಿದ್ದಳು. ಅವಳಿಗೂ ಅಕ್ಷರ ಬರುವುದಿಲ್ಲ. ಒಂದು ಕಂತು ಕೊಟ್ಟರೆ ಒಂದು ಗೀಟಿನ ಮೇಲೆ ಅಡ್ಡ ಗೀಟು. ನಾನು ನೋಡಿದ ಲೆಕ್ಕದ ಪುಸ್ತಕಗಳಲ್ಲಿ ಮೋಸವಿಲ್ಲದ್ದು ಅದೊಂದೇ.

ಮಗಳು ಈಗ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಒಂದು ಸಂಜೆ ಓದಿ ಹೇಳಿದಳು: ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಮ್ಮೆ, ಕಟಾವಿನ ಹಣ ಕೈಸೇರಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿದರಂತೆ. ಅದೇ ಮನುಷ್ಯ, ಅದೇ ತಲೆ, ಆದರೆ ಕೈ ಬರಿದಾಗಿದ್ದಾಗ ಯೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದಂತೆ. ಒಲೆಯ ಮುಂದೆ ಕೂತಿದ್ದ ಹೆಂಡತಿ "ಇದಕ್ಕೆ ಪರೀಕ್ಷೆ ಬೇಕಿತ್ತೇ?" ಎಂದಳು. ನನಗೆ ಮಾತ್ರ ಒಳಗೊಳಗೇ ಏನೋ ಇಳಿದಂತಾಯಿತು. ಅಷ್ಟು ವರ್ಷ ನನ್ನನ್ನು ನಾನೇ ದಡ್ಡ ಎಂದುಕೊಂಡಿದ್ದೆ.

ಏಳನೇ ದಿನ ಕೈಗೆ ಬಂದ ಮೇಲೆ ಒಬ್ಬ ಟೈಲ್ಸ್ ಮೇಸ್ತ್ರಿಯ ಹತ್ತಿರ ಹೋದೆ. ವಯಸ್ಸಾದವರು, ಬಾಯಿ ಜೋರು. ರಜೆಯ ದಿನ ಅವರು ಸ್ವಂತವಾಗಿ ಸಣ್ಣಪುಟ್ಟ ಕೆಲಸ ಹಿಡಿಯುತ್ತಿದ್ದರು. "ಕೂಲಿ ಬೇಡ, ಕಲಸಿ ಕೊಡುತ್ತೇನೆ, ಚೀಲ ಹೊರುತ್ತೇನೆ, ಪಕ್ಕದಲ್ಲಿ ಕೂರಲು ಬಿಡಿ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಿನಲ್ಲಾ?" ಎಂದರು. ಮೂರು ತಿಂಗಳು ಕರಣೆಯನ್ನು ಮುಟ್ಟಲೂ ಬಿಡಲಿಲ್ಲ.

ಆದರೆ ಕಣ್ಣಿಗೆ ಅಡ್ಡಿ ಇರಲಿಲ್ಲವಲ್ಲ. ಕೆಲಸ ಶುರು ಮಾಡುವ ಮೊದಲು ಅವರು ಕೋಣೆಯ ಮೂಲೆಯಿಂದ ಒಂದು ಗೋಡೆಯಗುಂಟ ಮೂರು ಅಡಿಗೆ ಗುರುತು ಹಾಕುತ್ತಿದ್ದರು, ಇನ್ನೊಂದು ಗೋಡೆಯಗುಂಟ ನಾಲ್ಕು ಅಡಿಗೆ. ಎರಡು ಗುರುತುಗಳ ನಡುವೆ ಟೇಪು ಎಳೆದರೆ ಸರಿಯಾಗಿ ಐದು ಅಡಿ ಬರಬೇಕು. ಬಂದರೆ ಮೂಲೆ ನೇರ. ಬರದಿದ್ದರೆ ಗೋಡೆ ಕಟ್ಟಿದವನಿಗೆ ಒಂದು ಬೈಗುಳ, ಆಮೇಲೆ ದಾರ ಕಟ್ಟಿ ಹೊಸ ಗೆರೆ. ಬಚ್ಚಲಿನ ನೆಲಕ್ಕೆ ನಾಲ್ಕು ಅಡಿಗೆ ಒಂದು ಇಂಚಿನ ಇಳಿಜಾರು. ಕೂರಿಸಿದ ಟೈಲ್ಸನ್ನು ಮರುದಿನ ಕರಣೆಯ ಹಿಡಿಯಿಂದ ತಟ್ಟಿ ಕೇಳಬೇಕು. ಅಡಿಯಲ್ಲಿ ಗಾರೆ ತುಂಬಿದ್ದರೆ ಗಟ್ಟಿ ಸದ್ದು, ಟೊಳ್ಳಿದ್ದರೆ ಖಾಲಿ ಡಬ್ಬದ ಸದ್ದು. ಟೊಳ್ಳಿದ್ದ ಕಡೆ ಭಾರದ ಪೆಟ್ಟಿಗೆಯೊಂದನ್ನು ಎಳೆದರೆ ಸಾಕು, ಸೀಳು. ಇವೆಲ್ಲಕ್ಕೂ ಅಕ್ಷರ ಬೇಕಿರಲಿಲ್ಲ, ಟೇಪಿನ ಮೇಲಿನ ಅಂಕಿ ಬೇಕಿತ್ತು. ಹತ್ತು ಅಂಕಿ. ಎರಡು ವಾರದಲ್ಲಿ ಕಲಿತೆ. ಅಆಇಈ ಕಲಿತದ್ದು ಬಹಳ ವರ್ಷದ ಮೇಲೆ, ಅದೂ ಮಗಳ ಬಲವಂತಕ್ಕೆ.

ಅವಳು ಹೈಸ್ಕೂಲಿನಲ್ಲಿದ್ದಾಗ ಪೈಥಾಗೊರಸನ ಪ್ರಮೇಯ ಬಾಯಿಪಾಠ ಮಾಡುತ್ತಾ ಕೂತಿದ್ದಳು. ಮೂರರ ವರ್ಗ, ನಾಲ್ಕರ ವರ್ಗ, ಐದರ ವರ್ಗ. "ಇದು ನಮ್ಮ ಮೇಸ್ತ್ರಿಯದ್ದು" ಎಂದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕನದ್ದು ಎಂದಳು. ಇಬ್ಬರೂ ಸೋಲಲಿಲ್ಲ.

ಮೇಸ್ತ್ರಿಯ ಕೈ ಬಿಟ್ಟು ಮೊದಲ ಬಾರಿಗೆ ನಾನೇ ಹಾಕಿದ ನೆಲ ಒಂದು ಬಚ್ಚಲು. ಬಕೆಟ್ ನೀರು ಸುರಿದರೆ ಅದು ತೂತಿನ ಕಡೆ ಹೋಗದೆ ಬಾಗಿಲ ಕಡೆ ಬಂತು, ಹೊಸ ಯಜಮಾನನನ್ನು ಮಾತಾಡಿಸಲು ಬಂದ ಹಾಗೆ. ಒಡೆದು ಮತ್ತೆ ಹಾಕಿದೆ. ಮೂರು ವಾರದ ದುಡಿಮೆ ಅದರಲ್ಲಿ ಹೋಯಿತು. ಹಳೆಯ ಸಾಲ ತಲೆಯ ಮೇಲೆ ಇದ್ದಿದ್ದರೆ ಅಲ್ಲಿಗೆ ನನ್ನ ಕಥೆ ಮುಗಿಯುತ್ತಿತ್ತು, ಮತ್ತೆ ಇಟ್ಟಿಗೆ ಹೊರಲು ಹೋಗುತ್ತಿದ್ದೆ. ತಪ್ಪು ಮಾಡಿಯೂ ಉಳಿದೆ. ಅದು ನನಗೆ ಹೊಸ ಅನುಭವ.

ಆಮೇಲೆ ದಿನಗೂಲಿ ಬಿಟ್ಟು ಅಳತೆಯ ಲೆಕ್ಕಕ್ಕೆ ಬಂದೆ, ಚದರಡಿಗೆ ಇಂತಿಷ್ಟು ಎಂದು. ಒಂದು ಕೋಣೆ ಮುಗಿದಾಗ ಗುತ್ತಿಗೆದಾರ ಚೀಟಿಯಲ್ಲಿ 150 ಎಂದು ಬರೆದ. ಗುಣಾಕಾರ ನನಗೆ ಆಗ ಇನ್ನೂ ಕೈಹತ್ತಿರಲಿಲ್ಲ. ಆದರೆ ಟೈಲ್ಸ್ ಕೂರಿಸಿದವನು ನಾನೇ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಅಂದರೆ ಒಂದೊಂದೂ ನಾಲ್ಕು ಚದರಡಿ. ಅಡ್ಡಕ್ಕೆ ಆರು, ಉದ್ದಕ್ಕೆ ಏಳು, ಒಟ್ಟು 42. ಮೊಣಕಾಲೂರಿ ಒಂದೊಂದನ್ನೂ ಮುಟ್ಟಿ ನಾಲ್ಕು, ಎಂಟು, ಹನ್ನೆರಡು ಎಂದು ಜೋರಾಗಿ ಎಣಿಸುತ್ತಾ ಹೋದೆ. ಗುತ್ತಿಗೆದಾರ ನಗುತ್ತಿದ್ದ. ನೂರು ದಾಟುವ ಹೊತ್ತಿಗೆ ನಗು ನಿಂತಿತ್ತು. 168 ಎಂದು ಎದ್ದು ನಿಂತೆ. 18 ಚದರಡಿ ಎಂದರೆ ನಾಲ್ಕೂವರೆ ಟೈಲ್ಸ್. ಇದಕ್ಕೂ ಮೊದಲು ಎಷ್ಟು ಕೋಣೆಗಳಲ್ಲಿ ಎಷ್ಟು ಹೋಗಿತ್ತೋ, ಅದನ್ನು ಎಣಿಸಲು ಹೋಗಲಿಲ್ಲ. ಆ ದಿನ ಅವನು ಚೀಟಿ ಹರಿದು ಬೇರೆ ಬರೆದ.

ಇಷ್ಟೆಲ್ಲ ಹೇಳಿ ಒಂದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಬಡ್ಡಿಯಿಲ್ಲದೆ ಹಣ ಕೊಟ್ಟ ಆ ಗೆಳೆಯನ ಕೈ ನನ್ನ ಕೈಗಿಂತ ಚುರುಕು. ಅವನೂ ಮೇಸ್ತ್ರಿಯ ಬಳಿ ಕೂರುವವನಿದ್ದ. ನಾನು ಅವನ ಹಣ ತೀರಿಸಿದ ಮರುವರ್ಷವೇ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಅವನ ಸಾಲ ಇನ್ನೂ ಮುಗಿದಿಲ್ಲ. ನಾನು ಆ ವರ್ಷ ಬೀಳಲಿಲ್ಲ, ಮನೆಯಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ. ನನ್ನ ಯಶಸ್ಸಿನ ಗುಟ್ಟು ಕೇಳುವ ಹುಡುಗರಿಗೆ ಈ ಭಾಗ ಹಿಡಿಸುವುದಿಲ್ಲ.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಿಂದ ಕಡುಬಡವರ ಜೊತೆ ನಡೆಸಿದ ಕೆಲಸದ ಬಗ್ಗೆಯೂ ಮಗಳು ಹೇಳಿದಳು. ಹಸುವೋ ಆಡೋ ಕೊಡುತ್ತಾರೆ, ಸಾಕುವುದನ್ನು ಕಲಿಸುತ್ತಾರೆ, ಮನೆಗೆ ಬಂದು ವಿಚಾರಿಸುತ್ತಾರೆ. ನನಗೆ ಹಿಡಿಸಿದ್ದು ಇನ್ನೊಂದು: ಆ ಪ್ರಾಣಿ ಫಲ ಕೊಡುವವರೆಗೆ ಹೊಟ್ಟೆಪಾಡಿಗೂ ಒಂದಿಷ್ಟು ಕೊಡುತ್ತಾರೆ. ಅದಿಲ್ಲದಿದ್ದರೆ ಹಸುವನ್ನೇ ಮಾರಬೇಕಾಗುತ್ತದೆ, ನಾನು ಏಳನೇ ದಿನವನ್ನು ಮಾರಿದಂತೆ. ಆರು ದೇಶಗಳಲ್ಲಿ ಇಂಥದ್ದನ್ನೇ ಮಾಡಿ ನೋಡಿದ ಫಲಿತಾಂಶ 2015ರಲ್ಲಿ ಬಂತು. ನೆರವು ನಿಂತು ಒಂದು ವರ್ಷವಾದ ಮೇಲೂ ಆ ಕುಟುಂಬಗಳ ಸ್ಥಿತಿ ಉಳಿದವರಿಗಿಂತ ಉತ್ತಮವಾಗಿತ್ತಂತೆ.

ಈಗ ನನ್ನ ಬಳಿ ಒಬ್ಬ ಹುಡುಗ ಕಲಿಯುತ್ತಿದ್ದಾನೆ. ಕೂತು ಕಲಿಯುವ ದಿನಕ್ಕೂ ಅವನಿಗೆ ಪೂರ್ತಿ ಕೂಲಿ ಕೊಡುತ್ತೇನೆ. "ನಿಮಗೆ ಯಾರು ಕೊಟ್ಟಿದ್ದರು?" ಎಂದು ಹೆಂಡತಿ ಗೊಣಗುತ್ತಾಳೆ. ಹೋದ ವಾರ ಅವನು ಮೊದಲ ಬಾರಿಗೆ ಒಂದು ಬಚ್ಚಲು ಹಾಕಿದ. ನೀರು ಸುರಿದೆವು. ಒಂದು ಗಳಿಗೆ ಅದು ಎಲ್ಲಿಗೆ ಹೋಗುವುದೆಂದು ಯೋಚಿಸುವಂತೆ ನಿಂತು, ಆಮೇಲೆ ಬಾಗಿಲ ಕಡೆ ತಿರುಗಿತು. ಹುಡುಗ ನನ್ನ ಮುಖ ನೋಡಿದ. ಸುತ್ತಿಗೆ ತಾ ಎಂದೆ.