ಡೋಲು ಬಾರಿಸುವವನ ಕ್ವಾರ್ಟರ್‌ಗೆ ಎಷ್ಟು ಬರುತ್ತೆ?

ಅಮೆರಿಕದ ನಾಣ್ಯ ಕೂಡಿಡುವ ಹವ್ಯಾಸ ನನಗಿದೆ ಅಂತ ಗೊತ್ತಾದಾಗಿನಿಂದ ನೆಂಟರು, ಗೆಳೆಯರು ಫೋಟೋ ಕಳಿಸಿ ಕೇಳುವುದು ಒಂದೇ ಪ್ರಶ್ನೆ: ‘ಇದಕ್ಕೆ ಎಷ್ಟು ಬರಬಹುದು?’ ಕಳೆದ ತಿಂಗಳು ತುಮಕೂರಿನ ಚಿಕ್ಕಮ್ಮ ಕಳಿಸಿದ್ದು 1776–1976 ಅಂತ ಎರಡು ಇಸವಿ ಇರುವ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ. ಹಿಂಬದಿಯಲ್ಲಿ ಡೋಲು ಬಾರಿಸುವವನ ಚಿತ್ರ. ‘ಯೂಟ್ಯೂಬಲ್ಲಿ ಲಕ್ಷಗಟ್ಟಲೆ ಅಂತಾರಲ್ಲೋ, ನಿಜಾನಾ?’

ನಿಜ ಅಲ್ಲ. ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದ ನೆನಪಿಗೆ ಬಂದ ನಾಣ್ಯ ಅದು. ಚಲಾವಣೆಗೆಂದೇ 160 ಕೋಟಿಗೂ ಹೆಚ್ಚು ಅಚ್ಚಾಯಿತು. ಸಾಲದ್ದಕ್ಕೆ, ವಿಶೇಷ ನಾಣ್ಯ ಅಂತ ಜನ ಡಬ್ಬಿ ತುಂಬ ಎತ್ತಿಟ್ಟರು. ಎಲ್ಲರ ಮನೆಯಲ್ಲೂ ಇರುವುದನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು?

ಹಾಗಾದರೆ ಕಡಿಮೆ ಅಚ್ಚಾದದ್ದಕ್ಕೆ ಬೆಲೆ ಹೆಚ್ಚು ಅಂತ ಅರ್ಥವಾ? ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ನಾನೂ ಮೊದಲ ಕೆಲವು ವರ್ಷ ಹಾಗೇ ಅಂದುಕೊಂಡಿದ್ದೆ. ನನ್ನ ಲೆಕ್ಕಾಚಾರ ಬದಲಾಗಿದ್ದು 1983ರ ಕ್ವಾರ್ಟರ್‌ನಿಂದ.

ಅಮೆರಿಕದ ಟಂಕಸಾಲೆ ಆಯಾ ವರ್ಷದ ಹೊಸ ನಾಣ್ಯಗಳನ್ನೆಲ್ಲ ಒಂದೊಂದು ಸೇರಿಸಿ ‘ಮಿಂಟ್ ಸೆಟ್’ ಅಂತ ಮಾರುತ್ತದೆ. ಸಂಗ್ರಾಹಕರು ಕೊಂಡು ಹಾಗೇ ಎತ್ತಿಡುತ್ತಾರೆ. ಆ ವರ್ಷದ ನಾಣ್ಯ ಹೊಸದಾಗಿ ಉಳಿಯುವುದು ಬಹುಪಾಲು ಹೀಗೆ. ಆದರೆ 1982 ಮತ್ತು 1983ರಲ್ಲಿ ಆ ಸೆಟ್ ಬರಲೇ ಇಲ್ಲ. 1983ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯೊಂದೇ 67 ಕೋಟಿ ಕ್ವಾರ್ಟರ್ ಅಚ್ಚು ಹಾಕಿತ್ತು. ಅಷ್ಟೂ ಜನರ ಜೇಬಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಗೆ, ಬಟ್ಟೆ ಒಗೆಯುವ ಯಂತ್ರಗಳಿಗೆ ಹೋಗಿ ಸವೆದವು. ಎತ್ತಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಇವತ್ತು ಹೊಳಪು ಮಾಸದ 1983ರ ಪಿ (ಫಿಲಡೆಲ್ಫಿಯಾದ ಗುರುತು) ಕ್ವಾರ್ಟರ್ ಬೇಕೆಂದರೆ ಮುಖಬೆಲೆಯ ಎಷ್ಟೋ ಪಟ್ಟು ಕೊಡಬೇಕು.

ಅದರ ಪಕ್ಕ 1996ರ ಡಬ್ಲ್ಯೂ ಡೈಮ್ ಇಟ್ಟು ನೋಡಿ. ಹತ್ತು ಸೆಂಟಿನ ಈ ನಾಣ್ಯ ವೆಸ್ಟ್ ಪಾಯಿಂಟ್ ಟಂಕಸಾಲೆಯಲ್ಲಿ (ಡಬ್ಲ್ಯೂ ಅದರ ಗುರುತು) ಅಚ್ಚಾಗಿದ್ದು ಬರೀ 14 ಲಕ್ಷ ಚಿಲ್ಲರೆ. ಆದರೆ ಎಲ್ಲವೂ ಮಿಂಟ್ ಸೆಟ್ಟಿನೊಳಗೇ ಬಂದವು, ಹೆಚ್ಚುಕಮ್ಮಿ ಎಲ್ಲವೂ ಹೊಸದಾಗಿಯೇ ಉಳಿದವು. ಅಮೆರಿಕದ ಹೋಟೆಲಿನಲ್ಲಿ ಒಬ್ಬರು ಊಟ ಮಾಡುವ ದುಡ್ಡಿಗೆ ಸಿಗುತ್ತದೆ. ಎಷ್ಟು ಅಚ್ಚಾಯಿತು ಅನ್ನುವುದಕ್ಕಿಂತ ಎಷ್ಟು ಕೆಡದೆ ಉಳಿಯಿತು, ಅದನ್ನು ಎಷ್ಟು ಜನ ಹುಡುಕುತ್ತಿದ್ದಾರೆ ಅನ್ನುವುದೇ ಬೆಲೆ ಕಟ್ಟುತ್ತದೆ. 1999ರಿಂದ 2008ರವರೆಗೆ 50 ರಾಜ್ಯಗಳ ಹೆಸರಲ್ಲಿ ಬಂದ ಕ್ವಾರ್ಟರ್‌ಗಳು 3,400 ಕೋಟಿಗೂ ಹೆಚ್ಚು. ನಕ್ಷೆ ಇರುವ ಹಲಗೆಗಳಲ್ಲಿ ಮಕ್ಕಳು, ಅಜ್ಜ-ಅಜ್ಜಿಯರು ಪ್ರೀತಿಯಿಂದ ಜೋಡಿಸಿಟ್ಟರು. ಆ ಪ್ರೀತಿ ದೊಡ್ಡದು, ಆದರೆ ಅದರಿಂದಲೇ ಅವು ಅಪರೂಪ ಆಗಲಿಲ್ಲ.

ಇನ್ನು ಸ್ಥಿತಿ. ನಾಣ್ಯ ಪರೀಕ್ಷಿಸುವ ಕಂಪನಿಗಳು ಅದಕ್ಕೆ 1ರಿಂದ 70ರವರೆಗೆ ಅಂಕ ಕೊಡುತ್ತವೆ. 60ರಿಂದ ಮೇಲೆ ಅಂದರೆ ಚಲಾವಣೆಯಲ್ಲಿ ಸವೆಯದ್ದು. ಹೊಸ ನಾಣ್ಯದಲ್ಲೂ ಗಾಯ ಇರುತ್ತದೆ. ಅಚ್ಚಿನಿಂದ ಹೊರಬಿದ್ದ ನಾಣ್ಯಗಳು ತೊಟ್ಟಿಯಲ್ಲಿ, ಚೀಲದಲ್ಲಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಟೇಬಲ್ ಲ್ಯಾಂಪಿನ ಕೆಳಗೆ ಕ್ವಾರ್ಟರನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ಮುಂಬದಿಯಲ್ಲಿರುವ ವಾಷಿಂಗ್ಟನ್ನರ ಕೆನ್ನೆಯ ಮೇಲೆ ಉಗುರು ಗೀರಿದಂಥ ಸಣ್ಣ ಗೆರೆಗಳು ಮಿನುಗುತ್ತವೆ. ಆ ಕೆನ್ನೆ ನುಣುಪಾಗಿದ್ದರೆ 67, ಇಲ್ಲದಿದ್ದರೆ 64. ಈ ಮೂರು ಅಂಕದ ನಡುವೆ ಬೆಲೆ ಹಲವು ಪಟ್ಟು ಜಿಗಿಯಬಹುದು. ಆದರೂ ಮೊನ್ನೆ ಮೊನ್ನೆ ಬಂದ ನಾಣ್ಯಕ್ಕೆ ಬರೀ ಅಂಕ ನೋಡಿ ದೊಡ್ಡ ಮೊತ್ತ ಕೊಡಬೇಡಿ ಅನ್ನುವುದು ನನ್ನ ಮಾತು. ಇನ್ನಷ್ಟು ಜನ ತಮ್ಮ ನಾಣ್ಯವನ್ನು ಅಂಕಕ್ಕೆ ಕಳಿಸಿದಂತೆಲ್ಲ ಅದೇ ಅಂಕದವು ಇನ್ನಷ್ಟು ಹೊರಬರುತ್ತವೆ.

ಒಬ್ಬ ಗೆಳೆಯರು ಹಳೆಯ ತಾಮ್ರದ ಸೆಂಟನ್ನು, ಪೂಜೆಯ ಚೊಂಬು ಬೆಳಗುವ ಹಾಗೆ, ಹುಣಸೆಹಣ್ಣು ಹಾಕಿ ತಿಕ್ಕಿ ತಂದಿದ್ದರು. ಫಳಫಳ ಅನ್ನುತ್ತಿತ್ತು. ಮೇಲಿದ್ದ ಕಂದು ಬಣ್ಣ ದಶಕಗಳು ಕೂರಿಸಿದ್ದು. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಸಂಗ್ರಾಹಕರು ಇಂಥದ್ದನ್ನು ದೂರದಿಂದಲೇ ಗುರುತಿಸಿ ಪಕ್ಕಕ್ಕಿಡುತ್ತಾರೆ. ಅವರಿಗೆ ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಬೆಳ್ಳಿಯ ವಿಷಯ ಸುಲಭ: 1964ರವರೆಗಿನ ಡೈಮ್, ಕ್ವಾರ್ಟರ್, ಅರ್ಧ ಡಾಲರ್‌ಗಳಲ್ಲಿ ಶೇ 90 ಬೆಳ್ಳಿ. ಅಂಚಿನಲ್ಲಿ ತಾಮ್ರದ ಗೆರೆ ಕಂಡರೆ ಅದು ಆಮೇಲಿನದು.

ನನಗೆ ತುಂಬ ಇಷ್ಟವಾದದ್ದು ಟಂಕಸಾಲೆಯಲ್ಲೇ ಆದ ವ್ಯತ್ಯಾಸಗಳು. 2004ರಲ್ಲಿ ಡೆನ್ವರ್‌ನಲ್ಲಿ ಅಚ್ಚಾದ ಕೆಲವು ವಿಸ್ಕಾನ್ಸಿನ್ ಕ್ವಾರ್ಟರ್‌ಗಳಲ್ಲಿ ಜೋಳದ ತೆನೆಗೆ ಒಂದು ಎಲೆ ಹೆಚ್ಚಿಗೆ ಇದೆ. 2000ದಲ್ಲಿ ಚೀರಿಯೋಸ್ ಅನ್ನುವ ಬೆಳಗಿನ ತಿಂಡಿಯ ಪೊಟ್ಟಣಗಳಲ್ಲಿ ಬಂದ 5,500 ಸಕಾಜಾವಿಯಾ (ಅಮೆರಿಕದ ಮೂಲನಿವಾಸಿ ಮಹಿಳೆ) ಚಿತ್ರದ ಡಾಲರ್ ನಾಣ್ಯಗಳ ಪೈಕಿ ಹಲವುಗಳಲ್ಲಿ ಹದ್ದಿನ ಬಾಲದ ಗರಿಗಳ ಗೆರೆ ಬೇರೆಯೇ ಆಗಿತ್ತು. ಅದು ಸಂಗ್ರಾಹಕರ ಕಣ್ಣಿಗೆ ಬಿದ್ದದ್ದು 2005ರಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿ ಅದನ್ನು ಒಂದು ಡಾಲರ್ ಅಂತಲೇ ಖರ್ಚು ಮಾಡಿಬಿಟ್ಟಿರಬೇಕು. ಆದರೆ ಟಂಕಸಾಲೆ ಬಿಟ್ಟ ಮೇಲೆ ಸೊಟ್ಟಗಾದದ್ದು, ಗೀಚಿದ್ದು, ಸುಟ್ಟದ್ದು ಬರೀ ಹಾಳಾದ ನಾಣ್ಯ.

ಚಿಕ್ಕಮ್ಮನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದ ಮೇಲೆ, ಮಗ ಅಮೆರಿಕದಿಂದ ವಾಪಸ್ ಬರುವಾಗ ತಂದ ಹಾರ್ಲಿಕ್ಸ್ ಬಾಟಲಿಯ ಚಿಲ್ಲರೆಯನ್ನೆಲ್ಲ ಟವೆಲ್ ಮೇಲೆ ಸುರಿದು ಫೋಟೋ ಕಳಿಸಿದರು. ಅದರಲ್ಲಿ 1983ರ ಪಿ ಕ್ವಾರ್ಟರ್ ಒಂದಿತ್ತು! ವಾಷಿಂಗ್ಟನ್ನರ ಕೂದಲು ಪೂರಾ ಸವೆದು ನುಣ್ಣಗಾಗಿದೆ, ಹಾಗಾಗಿ 25 ಸೆಂಟೇ. ಸೆಂಟುಗಳನ್ನು ಇನ್ನೂ ನೋಡಬೇಕು. 1995ರದ್ದು ಸಿಕ್ಕಿದರೆ ತೊಳೆಯದೆ, ‘ಲಿಬರ್ಟಿ’ ಅನ್ನುವ ಅಕ್ಷರಗಳು ಜೋಡಿಯಾಗಿ ಮೂಡಿವೆಯಾ (ಅದೂ ಟಂಕಸಾಲೆಯಲ್ಲೇ ಆದ ವ್ಯತ್ಯಾಸ) ಅಂತ ಹತ್ತಿರದಿಂದ ಫೋಟೋ ತೆಗೆದು ಕಳಿಸಿ ಅಂದಿದ್ದೇನೆ.